ಮಂಗಳವಾರದ ಸ್ಲಾವಾ

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ನನ್ನ ಮನೆಯ ಎದುರು ಬಾಗಿಲು ವಿದೊಸಾವಾಳದು. ನಾವೆಲ್ಲ ವಿದಾ ಎನ್ನುತ್ತೇವೆ. ಬೆಲ್‌ಗ್ರೇಡಿನಲ್ಲೇ ಹುಟ್ಟಿದವಳು. ಟ್ರ್ಯಾಮ್ ಡಿಪೋದಲ್ಲಿ ಮೂವತ್ತೊಂದು ವರ್ಷ ಪಾಸು ಕೊಡುವ ಕಿಟಕಿಯ ಹಿಂದೆ ಕೂತವಳು. ಅಲ್ಲಿಯೇ ಮಿಲೋರದ್ ಎಂಬ ಚಾಲಕನನ್ನು ಮದುವೆಯಾದಳು. ಹಸುವಿನ ಹಾಲು ಕರೆಯುವುದನ್ನು ಅವಳು ಕಣ್ಣಿಂದ ಕಂಡವಳೂ ಅಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ದೇಶ ದೇಶದ ಜನರಿಗೆ ಅವಳ ಬಗ್ಗೆ ಬೇರೆಯೇ ಕಥೆ ಹೇಳಲಾಯಿತು. ಹೇಳುವಾಗ ನಾನೂ ಅದೇ ಮೇಜಿಗೆ ಕೂತು ಉಣ್ಣುತ್ತಿದ್ದೆ.

ಮಿಲೋರದನ ಮನೆತನವನ್ನು ಕಾಯುವವನು ಸಂತ ದಿಮಿತ್ರಿ. ಪ್ರತಿ ನವೆಂಬರ್ ಎಂಟರಂದು ಅವರ ಮನೆಯಲ್ಲಿ ಸ್ಲಾವಾ, ಅಂದರೆ ಮನೆದೇವರ ಹಬ್ಬ. ಅಂದು ಸಂತನ ಪಟದ ಮುಂದೆ ಉದ್ದನೆಯ ಮೇಣದಬತ್ತಿ ಹಚ್ಚಿ, ಹಬ್ಬದ ರೊಟ್ಟಿ ಮುರಿದು, ಬೇಯಿಸಿದ ಸಿಹಿ ಗೋಧಿಯನ್ನು ಬಂದವರಿಗೆಲ್ಲ ಒಂದೊಂದು ಚಮಚ ಕೊಡುತ್ತಾರೆ. ಸ್ಲಾವಾಗೆ ಯಾರನ್ನೂ ಕರೆಯುವುದಿಲ್ಲ. ನೆನಪಿಟ್ಟುಕೊಂಡವರು ಬರುತ್ತಾರೆ. ಮಿಲೋರದ್ ಬದುಕಿದ್ದಾಗ ಆ ಎರಡು ಕೋಣೆಯ ಮನೆಗೆ ನಲವತ್ತು ಜನ ಬರುತ್ತಿದ್ದರು. ಕೋಟುಗಳನ್ನು ನನ್ನ ಮಂಚದ ಮೇಲೆ ರಾಶಿ ಹಾಕುತ್ತಿದ್ದರು.

ಅವನು ಕೊನೆಯ ನಿಲ್ದಾಣದಲ್ಲಿ, ಚಾಲಕನ ಸೀಟಿನಲ್ಲೇ ಎದೆ ಹಿಡಿದುಕೊಂಡು ಸತ್ತ. ಮರುವರ್ಷ ಹದಿನೆಂಟು ಜನ ಬಂದರು. ಅದರ ಮರುವರ್ಷ ಒಂಬತ್ತು. ಮೂರನೆಯ ವರ್ಷ ಮಗ ಓಗ್ನ್ಯೆನ್, ಸೊಸೆ ಯಾಸ್ನಾ, ನಾನು, ಮತ್ತೆ ಡಿಪೋದ ಹಳೆಯ ಸಹೋದ್ಯೋಗಿಯೊಬ್ಬನ ಮಗಳು ತಿಯಾನಾ, ಇಷ್ಟೇ ಜನ. ವಿದಾ ಮಾತ್ರ ನಲವತ್ತು ಜನಕ್ಕೇ ಅಡುಗೆ ಮಾಡಿದ್ದಳು. ಹುಳಿ ಎಲೆಕೋಸಿನಲ್ಲಿ ಕೊಚ್ಚಿದ ಮಾಂಸ, ಅಕ್ಕಿ ಸುತ್ತಿ ಬೇಯಿಸಿದ ಸಾರ್ಮಾ ಎರಡು ಪಾತ್ರೆ ಹಾಗೇ ಉಳಿಯಿತು.

ತಿಯಾನಾ ಪ್ರವಾಸಿಗರಿಗೆ ಊರು ತೋರಿಸುವ ಹುಡುಗಿ. ಮಾರುಕಟ್ಟೆಯಲ್ಲಿ ಬೆಣ್ಣೆಯಂಥ ಕೈಮಾಕ್ ನೆಕ್ಕಿಸಿ, ಬೇಕರಿಯಲ್ಲಿ ಪದರ ಪದರದ ಬುರೆಕ್ ತಿನ್ನಿಸಿ, ಹಳೆಯ ಹೋಟೆಲೊಂದರಲ್ಲಿ ಪ್ಲಮ್ ಸಾರಾಯಿ ಕುಡಿಸಿ, ನಡುನಡುವೆ ಚರಿತ್ರೆ ಹೇಳುತ್ತ ನಡೆಸುವುದು ಅವಳ ಕಸುಬು. ಅವತ್ತು ಅವಳು ಸಾರ್ಮಾ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

"ಅತ್ತೆ, ಇದನ್ನ ಯಾರಿಗೂ ಕೊಡದೆ ಇಟ್ಕೊಂಡಿದೀರಲ್ಲ, ಪಾಪ ಬರುತ್ತೆ ನಿಮಗೆ."

"ಯಾರಿಗೆ ಕೊಡ್ಲಿ? ಮೆಟ್ಟಿಲಲ್ಲಿ ನಿಂತು ಕೂಗ್ಲಾ?"

"ನಾನು ಕರ್ಕೊಂಡು ಬರ್ತೀನಿ. ಹನ್ನೆರಡು ಜನ, ಪ್ರತಿ ಮಂಗಳವಾರ. ನಮ್ಮ ಜನರ ಸ್ಲಾವಾ ಹೇಗಿರುತ್ತೆ ಅಂತ ನೋಡ್ಬೇಕು ಅವರಿಗೆ. ನಡೆದು ನಡೆದು ಸುಸ್ತಾಗಿ ಕೊನೆಗೆ ನಿಮ್ಮನೇಲಿ ಊಟ."

ಓಗ್ನ್ಯೆನ್ ನಕ್ಕ. "ಮಂಗಳವಾರ ಮಂಗಳವಾರ ಸ್ಲಾವಾನಾ? ಸಂತ ದಿಮಿತ್ರಿಗೂ ಸಂಬಳ ಕೊಡ್ತೀಯಾ?"

ವಿದಾ ನಗಲಿಲ್ಲ. ಉಳಿದ ಸಾರ್ಮಾದ ಪಾತ್ರೆಯನ್ನೇ ನೋಡುತ್ತಿದ್ದಳು. ಅವಳು ದುಡ್ಡಿಗಾಗಿ ಒಪ್ಪಿಕೊಂಡಳೆಂದು ಆಮೇಲೆ ಕಟ್ಟಡದವರೆಲ್ಲ ಆಡಿಕೊಂಡರು. ಮೇಜಿನ ಸುತ್ತ ಹನ್ನೆರಡು ಜನ ಕೂತಿರುತ್ತಾರೆಂಬ ಒಂದೇ ಆಸೆಗೆ ಅವಳು ಒಪ್ಪಿದ್ದು ನನಗೆ ಗೊತ್ತು.

ಫೆಬ್ರವರಿಯಲ್ಲಿ ಶುರುವಾಯಿತು. ಮೊದಲ ದಿನವೇ ತಿಯಾನಾ ಕಸೂತಿಯ ಏಪ್ರನ್, ತಲೆಗೆ ಕಟ್ಟುವ ಬಟ್ಟೆ ತಂದಳು. "ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಅತ್ತೆ." ವಿದಾ ಕನ್ನಡಿಯ ಮುಂದೆ ನಿಂತು, "ನಮ್ಮಜ್ಜಿನೂ ಇದನ್ನ ಹಾಕಿರ್ಲಿಲ್ಲ ಕಣೇ," ಎಂದು ನನಗೆ ಹೇಳಿ ಕಟ್ಟಿಕೊಂಡಳು. ನನಗೂ ಪಾತ್ರ ಸಿಕ್ಕಿತು. ಊಟದ ನಡುವೆ ನಾನು ಬಾಗಿಲು ತಟ್ಟಬೇಕು, "ಸ್ಲಾವಾ ಶುಭವಾಗಲಿ!" ಎಂದು ಕೂಗಿ ಒಳಗೆ ಬರಬೇಕು. ಕರೆಯದೆ ಬಂದ ನೆರೆಯವಳು. ವಿದೇಶಿಯರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ನಾನೂ ಕೂತು ಉಣ್ಣುತ್ತಿದ್ದೆ.

ನಾನು ಶಾಲೆಯೊಂದರ ಗ್ರಂಥಾಲಯದಲ್ಲಿದ್ದು ನಿವೃತ್ತಳಾದವಳು. ಇಂಗ್ಲಿಷ್ ಅರ್ಥವಾಗುತ್ತದೆ. ವಿದಾಳಿಗೆ ಒಂದಕ್ಷರವೂ ಬಾರದು. ತಿಯಾನಾ ಗೋಡೆಯ ಮೇಲಿದ್ದ ಮಿಲೋರದನ ಫೋಟೋ ತೋರಿಸಿ ಹೇಳುತ್ತಿದ್ದುದು ಹೀಗೆ: ಈಕೆ ಬೆಟ್ಟದ ಹಳ್ಳಿಯವಳು, ಗಂಡ ಯುದ್ಧದಲ್ಲಿ ಮಡಿದ ಸೈನಿಕ, ಅವನ ನೆನಪಿಗೆ ಈಕೆ ಎಂದೂ ಬತ್ತಿ ಆರಲು ಬಿಟ್ಟಿಲ್ಲ. ಕೇಳಿದವರ ಕಣ್ಣು ತುಂಬುತ್ತಿತ್ತು. ಹೆಂಗಸರು ಎದ್ದು ಬಂದು ವಿದಾಳ ಕೈ ಹಿಡಿದುಕೊಳ್ಳುತ್ತಿದ್ದರು. ಅವಳು ಸಾರ್ಮಾ ರುಚಿಯಾಗಿದ್ದಕ್ಕೆ ಎಂದುಕೊಂಡು ಇನ್ನೆರಡು ಬಡಿಸುತ್ತಿದ್ದಳು.

ಮಿಲೋರದ್ ಯುದ್ಧಕ್ಕೆ ಹೋದವನೇ ಅಲ್ಲ. ದೇಶ ಒಡೆದು ಯುದ್ಧ ಹೊತ್ತಿಕೊಂಡ ತೊಂಬತ್ತೊಂದರ ಶರತ್ಕಾಲದಲ್ಲಿ ಸೇನೆಯವರು ಕರೆ ಪತ್ರ ಹಿಡಿದು ಮನೆ ಮನೆ ಬಾಗಿಲು ಬಡಿಯುತ್ತಿದ್ದಾಗ ಎರಡು ತಿಂಗಳು ನನ್ನ ಅಡುಗೆಮನೆಯ ನೆಲದ ಮೇಲೆ ಮಲಗಿದ್ದ. "ನಾನು ಟ್ರ್ಯಾಮ್ ಓಡಿಸೋನು ಯೆಲಿತ್ಸಾ, ಯಾರನ್ನೂ ಕೊಲ್ಲೋಕೆ ಬರಲ್ಲ ನನಗೆ," ಎಂದಿದ್ದ. ಇಡೀ ಜೀವನದಲ್ಲಿ ಅವನು ತೋರಿದ ಧೈರ್ಯ ಅದೊಂದೇ. ಅದನ್ನೇ ಅವನ ಮನೆಯಲ್ಲಿ ಅವನದೇ ಪಟದ ಕೆಳಗೆ ಅಳಿಸಿಹಾಕುತ್ತಿದ್ದರು. ನಾನು ಗೋಧಿಯ ಬಟ್ಟಲು ಮುಂದಕ್ಕೆ ತಳ್ಳುತ್ತಿದ್ದೆ.

ಆಗಸ್ಟಿನ ಸೆಕೆಯಲ್ಲೂ ಸಾರ್ಮಾ ಕುದಿಯಿತು. ಮೆಟ್ಟಿಲ ತುಂಬ ಹುಳಿ ಎಲೆಕೋಸಿನ ವಾಸನೆ. ಕೆಳಗಿನ ಮನೆಯ ಮುದುಕ, "ಏನು ವಿದಾ, ನಿನ್ನ ಸಂತ ವಾರಕ್ಕೊಂದ್ಸಲ ಹುಟ್ತಾನಾ?" ಎಂದು ಕೇಳಿದ. ಅವಳು ಬಾಗಿಲು ಹಾಕಿಕೊಂಡಳು. ಮುಂದಿನ ವರ್ಷ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಬಂತು. ಏಳು ವಾರ ಮಾಂಸ ಮುಟ್ಟದ ಕಾಲ. ವಿದಾ ಬರೀ ಅಕ್ಕಿ, ಅಕ್ರೋಟು ಹಾಕಿ ಸುತ್ತುತ್ತೇನೆಂದಳು. ತಿಯಾನಾ ಒಪ್ಪಲಿಲ್ಲ.

"ಅಷ್ಟು ದೂರದಿಂದ ಬಂದೋರಿಗೆ ಸೊಪ್ಪು ತಿನ್ಸೋದಾ ಅತ್ತೆ? ಅವರಿಗೇನು ಉಪವಾಸಾನಾ?"

ಆ ಮಂಗಳವಾರ ಪಟದ ಕೆಳಗೆ ಹಂದಿ ಮಾಂಸ ಬಡಿಸಿದ್ದಾಗ ಓಗ್ನ್ಯೆನ್ ಬಂದ. ಅವನು ವಿಮಾನ ನಿಲ್ದಾಣದಿಂದ ಹೋಟೆಲುಗಳಿಗೆ ಕಾರು ಓಡಿಸುವವನು. ಪ್ರವಾಸಿಗರಲ್ಲೊಬ್ಬಳು ಬೇಕರಿಯಲ್ಲಿ ಚೀಲ ಮರೆತಿದ್ದಳಂತೆ, ಅದನ್ನು ತಲುಪಿಸಲು ಹೋಟೆಲಿನವರು ಇವನನ್ನೇ ಕಳಿಸಿದ್ದರು. ಬಾಗಿಲು ತೆರೆದೇ ಇತ್ತು. ಅವನು ಚೀಲ ಹಿಡಿದು ಹೊಸ್ತಿಲಲ್ಲಿ ನಿಂತು, ತನ್ನ ಅಪ್ಪ ವೀರಮರಣ ಹೊಂದಿದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿದ. ಇಂಗ್ಲಿಷ್ ಅವನಿಗೆ ನೀರು ಕುಡಿದಷ್ಟು ಸಲೀಸು.

ಅವನು ಕೂಗಲಿಲ್ಲ. ಚೀಲ ಕೊಟ್ಟ. ಎಲ್ಲರೂ ಹೋಗುವವರೆಗೆ ಅಡುಗೆಮನೆಯಲ್ಲಿ ನಿಂತಿದ್ದ. ಆಮೇಲೆ ಕೇಳಿದ:

"ಅಮ್ಮಾ, ಅಪ್ಪ ಎಲ್ಲಿ ಸತ್ತರು?"

"ಇದೆಂಥ ಪ್ರಶ್ನೆನೋ? ಟ್ರ್ಯಾಮಲ್ಲಿ."

"ಆ ಹುಡುಗಿ ಯುದ್ಧದಲ್ಲಿ ಸತ್ತರು ಅಂತಿದಾಳೆ. ನೀನು ಪಕ್ಕದಲ್ಲಿ ನಿಂತು ನಗ್ತಾ ಬಡಿಸ್ತಿದೀಯ. ಉಪವಾಸದಲ್ಲಿ ಹಂದಿ ಬೇರೆ."

"ನನಗೆ ಗೊತ್ತಿಲ್ಲ ಕಣೋ. ದೇವರಾಣೆ ಗೊತ್ತಿಲ್ಲ."

"ಗೊತ್ತಿಲ್ದೇ ತಲೆಗೆ ಬಟ್ಟೆ ಕಟ್ಕೊಂಡ್ಯಾ?"

ಓಗ್ನ್ಯೆನ್ ಕುರ್ಚಿ ಹತ್ತಿ ಸಂತನ ಪಟ ಇಳಿಸಿದ, ಅಪ್ಪನ ಫೋಟೋ ಇಳಿಸಿದ. ಎರಡನ್ನೂ ಟವೆಲಿನಲ್ಲಿ ಸುತ್ತಿದ. "ಸ್ಲಾವಾ ಅಪ್ಪನಿಂದ ಮಗನಿಗೆ ಬರೋದು. ಇನ್ಮೇಲೆ ನಮ್ಮನೇಲಿ ನಡೆಯುತ್ತೆ," ಎಂದು ಹೊರಟುಹೋದ. ಸಂಪ್ರದಾಯ ಅವನ ಕಡೆಗೇ ಇತ್ತು, ಯಾರೂ ತಪ್ಪೆನ್ನುವಂತಿರಲಿಲ್ಲ. ಗೋಡೆಯ ಮೇಲೆ ಎರಡು ಬಿಳಿ ಚೌಕ ಉಳಿದವು.

ಅಂದೇ ಅವಳು ನಿಲ್ಲಿಸಬಹುದಿತ್ತು. ತಿಯಾನಾ ಮುಂದಿನ ಮಂಗಳವಾರ ಅಂಗಡಿಯಿಂದ ಹೊಸ ಪಟ ತಂದಳು. ಅದು ಬಿಳಿ ಕುದುರೆಯ ಸಂತ ಜಾರ್ಜ್. "ದಿಮಿತ್ರಿದು ಕೆಂಪು ಕುದುರೆ," ಎಂದೆ ನಾನು. "ಕುದುರೆ ಇದೆಯಲ್ಲ, ಸಾಕು ಬಿಡಿ," ಎಂದಳು ಅವಳು. ಸೈನಿಕನ ಕಥೆ ಬಿಟ್ಟುಬಿಡುತ್ತೇನೆಂದು ಮಾತು ಕೊಟ್ಟಳು. ವಿದಾ ಪಟವನ್ನು ಬಹಳ ಹೊತ್ತು ನೋಡಿ, ಬಿಳಿ ಚೌಕ ಕಾಣದ ಹಾಗೆ ಅಲ್ಲೇ ಮೊಳೆಗೆ ತೂಗುಹಾಕಿದಳು.

ನವೆಂಬರ್ ಎಂಟು ಬಂತು. ನಾವಿಬ್ಬರೂ ಟ್ರ್ಯಾಮು, ಬಸ್ಸು ಹಿಡಿದು ನದಿಯಾಚೆ ಓಗ್ನ್ಯೆನನ ಮನೆಗೆ ಹೋದೆವು. ಅವಳ ಕೈಯಲ್ಲಿ ವೈನ್ ಬಾಟಲಿ. ಬಾಗಿಲು ತೆರೆದ ಮಗನ ಕೈ ಕುಲುಕಿ, ಅತಿಥಿಗಳು ಹೇಳುವ ಮಾತನ್ನೇ ಹೇಳಿದಳು: "ಸ್ಲಾವಾ ಶುಭವಾಗಲಿ ಯಜಮಾನರೇ."

ಅವನ ಮುಖ ಒಂದು ಕ್ಷಣ ಸಡಿಲವಾಯಿತು. "ಬಾಮ್ಮಾ, ಒಳಗೆ ಬಾ," ಎಂದನಷ್ಟೇ.

ಯಾಸ್ನಾ ಗೋಧಿಯ ತಟ್ಟೆ ಹಿಡಿದಳು. ವಿದಾ ಶಿಲುಬೆ ಗುರುತು ಮಾಡಿಕೊಂಡು ಒಂದು ಚಮಚ ತಿಂದಳು, ಚಮಚವನ್ನು ನೀರಿನ ಲೋಟಕ್ಕೆ ಹಾಕಿದಳು. ಒಳಗೆ ಜನ ತುಂಬಿದ್ದರು. ನಾಲ್ಕು ವರ್ಷದಿಂದ ಇವಳ ಮನೆಗೆ ಬಾರದವರೆಲ್ಲ ಅಲ್ಲಿದ್ದರು. ಮಿಲೋರದನ ದಾಯಾದಿಯೊಬ್ಬ ಲೋಟ ಎತ್ತಿ, "ಅರೆ, ವಿದಾ! ಇವತ್ತು ಮಂಗಳವಾರ ಅಲ್ವಲ್ಲ, ಹೇಗೆ ಬಿಡುವಾಯ್ತು?" ಎಂದ. ಮೇಜು ನಕ್ಕಿತು. ಅವಳು ಎದ್ದು, ಅಭ್ಯಾಸಬಲದಿಂದ ತಟ್ಟೆಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ಯಾಸ್ನಾ ಅವುಗಳನ್ನು ಮೆಲ್ಲಗೆ ಬಿಡಿಸಿಕೊಂಡಳು.

"ಬೇಡ ಅತ್ತೆ. ನೀವು ಅತಿಥಿಗಳು, ಕೂತ್ಕೊಳ್ಳಿ."

ಅವಳು ಮರ್ಯಾದೆಗೇ ಹೇಳಿದ್ದು. ಅರ್ಧ ಗಂಟೆಯಲ್ಲಿ ನಾವು ಕೋಟು ಹಾಕಿಕೊಂಡೆವು.

ಮಾರ್ಚಿನಲ್ಲಿ ಒಂದು ಮಂಗಳವಾರ ಹನ್ನೆರಡು ತಟ್ಟೆ ಜೋಡಿಸಿ ಕಾದೆವು. ಮೂರು ಗಂಟೆಗೆ ತಿಯಾನಾಳ ಸಂದೇಶ ಬಂತು. ಪ್ರವಾಸಿಗರಿಗೆ ಮೂರು ಮಹಡಿ ಹತ್ತುವುದು ಕಷ್ಟವಂತೆ, ಊರ ಹೊರಗೆ ಅಂಗಳವಿರುವ ಹಳೆಯ ಮನೆಯೊಂದು ಸಿಕ್ಕಿದೆಯಂತೆ, ಅತ್ತೆಯ ಉಪಕಾರ ಮರೆಯುವುದಿಲ್ಲವಂತೆ. ವಿದಾ ತಲೆಯ ಬಟ್ಟೆ ಬಿಚ್ಚಿದಳು. ನನಗೊಂದು ತಟ್ಟೆ ಬಡಿಸಿ ಎದುರು ಕೂತಳು.

"ಯೆಲಿತ್ಸಾ, ನಿನಗೆ ಇಂಗ್ಲಿಷ್ ಬರುತ್ತೆ."

"ಬರುತ್ತೆ."

"ವರ್ಷದ ಮೇಲಾಯ್ತು, ಪ್ರತಿ ವಾರ ಕೇಳಿಸ್ಕೊಂಡೆ. ನಿನ್ನ ಅಡುಗೆಮನೇಲಿ ಮಲಗಿದ್ದೋನು ಅವನು. ಯಾಕೆ ಹೇಳ್ಲಿಲ್ಲ ನನಗೆ?"

ಸುಳ್ಳು ಹೇಳಬಹುದಿತ್ತು. "ಹೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ," ಎಂದೆ. "ನನಗೂ ಮಂಗಳವಾರ ಬಿಟ್ರೆ ಬೇರೆ ಏನಿತ್ತು?"

ಅವಳು ಬೈಯಲಿಲ್ಲ. ನಾನು ಉಂಡು ಮುಗಿಸುವವರೆಗೆ ಕೂತಿದ್ದು, ತಟ್ಟೆ ತೊಳೆದು, ಬಾಗಿಲು ತೆಗೆದು ಹಿಡಿದಳು. ಅದಾದ ಮೇಲೆ ನಾನು ಆ ಮನೆಯೊಳಗೆ ಕಾಲಿಟ್ಟಿಲ್ಲ.

ಈಗ ಅವಳು ಮದುವೆ ಊಟ ಮಾಡಿಕೊಡುವ ಅಡುಗೆಮನೆಯೊಂದರಲ್ಲಿ ಬೆಳಗಿನಿಂದ ಸಂಜೆಯವರೆಗೆ ಸಾರ್ಮಾ ಸುತ್ತುತ್ತಾಳೆ. ಓಗ್ನ್ಯೆನ್ ಈಸ್ಟರಿಗೆ ಫೋನ್ ಮಾಡುತ್ತಾನೆ, ಇವಳು ಮಾತಾಡುತ್ತಾಳೆ, ಬಾಗಿಲು ತೆಳು, ಕೇಳಿಸುತ್ತದೆ. ಮೊನ್ನೆ ಮೆಟ್ಟಿಲಲ್ಲಿ ಸಿಕ್ಕಿದ್ದಳು. ಕೈಗೆ ಬೇನೆಯಂತೆ, ಬೆರಳು ಮಡಚಲು ಬರುವುದಿಲ್ಲವಂತೆ. ಔಷಧಿ ತಂದುಕೊಡಲೇ ಎಂದು ಕೇಳಿದೆ. "ಬೇಡಿ, ನಿಮಗ್ಯಾಕೆ ತೊಂದರೆ," ಎಂದಳು. ನಲವತ್ತು ವರ್ಷದಲ್ಲಿ ಮೊದಲ ಸಲ ನನಗೆ ಬಹುವಚನ ಹಚ್ಚಿ, ಮೆಟ್ಟಿಲ ಕಂಬಿ ಹಿಡಿದು ಇಳಿದುಹೋದಳು.