ಗಂಧ ಮೆತ್ತಿದ ಫುಟ್‌ಬಾಲ್ ಕ್ಯಾಸೆಟ್

ಟೀವಿಯ ಪರದೆಯ ಮೇಲೆ ಆ ಆಟದ ಹುಲ್ಲು ಹುಲ್ಲಿನ ಹಸಿರಾಗಿರಲಿಲ್ಲ. ಸರ್ಕಾರಿ ಆಸ್ಪತ್ರೆಗಳ ಗೋಡೆಗೆ ಸೊಂಟದೆತ್ತರದವರೆಗೆ ಬಳಿಯುತ್ತಿದ್ದ ಎಣ್ಣೆಬಣ್ಣದ ಹಸಿರಾಗಿತ್ತು. ಅದರ ಮೇಲೆ ಓಡಾಡುತ್ತಿದ್ದ ಆಟಗಾರರಿಗೆ ಮುಖವಿರಲಿಲ್ಲ. ಕುತ್ತಿಗೆಯ ಮೇಲೊಂದು ಕಂದುಬಣ್ಣದ ಚೌಕ, ಅಷ್ಟೇ. ತಂಡಕ್ಕೆ ಹನ್ನೊಂದು ಜನರಿರಬೇಕಾದಲ್ಲಿ ಐವರಿದ್ದರು. ಚೆಂಡು ಒಂದು ಬದಿಗೆ ಹೋದೊಡನೆ ಅವರಲ್ಲೂ ಇಬ್ಬರು ಮಿಣುಕಿ ಮಾಯವಾಗುತ್ತಿದ್ದರು. ಸಂಗೀತವೆಂಬುದು ಏಳು ಸ್ವರಗಳ ಒಂದು ತುಣುಕು. ಅದು ಮುಗಿಯುವ ಮೊದಲೇ ಮತ್ತೆ ಮೊದಲಾಗುತ್ತಿತ್ತು. ಗೋಲು ಬಿದ್ದಾಗ ಪ್ರೇಕ್ಷಕರು ಮಾಡುತ್ತಿದ್ದ ಹರ್ಷೋದ್ಗಾರ ತಗಡಿನ ಡಬ್ಬಿಯಲ್ಲಿ ಮರಳು ಅಲುಗಾಡಿಸಿದ ಸದ್ದಿನಂತಿತ್ತು. ಕ್ಯಾಸೆಟ್ಟಿನ ಮೇಲೆ ಅಂಟಿಸಿದ್ದ ಚಿತ್ರದಲ್ಲಿ ಮಾತ್ರ, ಗಾಳಿಯಲ್ಲಿ ತಲೆಕೆಳಗಾಗಿ ಚೆಂಡನ್ನೊದೆಯುವ ಒಬ್ಬ ಗುಂಗುರುಗೂದಲಿನ ವೀರನಿದ್ದ. ಆಟದೊಳಗೆ ಅವನನ್ನು ಬಹಳ ದಿನ ಹುಡುಕಿದೆ. ಅವನಿರಲಿಲ್ಲ. ಇಷ್ಟು ರಾಜಾರೋಷವಾಗಿ ಸುಳ್ಳು ಹೇಳಿದ ಇನ್ನೊಂದು ವಸ್ತು ನಮ್ಮ ಮನೆಗೆ ಬಂದ ನೆನಪಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ಶಂಕರಪುರಂನ ಒಂದು ವಠಾರದಲ್ಲಿ: ಆರು ಮನೆ, ಒಂದು ಬಾವಿ, ಎಲ್ಲರ ಅಂಗಳಕ್ಕೂ ಎಲೆಯುದುರಿಸುವ ಒಂದು ಸಂಪಿಗೆಮರ. ನನ್ನ ಸೋದರಮಾವ ಚಿಕ್ಕಪೇಟೆಯ ಯಾವುದೋ ಸಂದಿಯಿಂದ, ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮನ್ನೂ ಜೊತೆಗೆ ಈ ಒಂದೇ ಒಂದು ಕ್ಯಾಸೆಟ್ಟನ್ನೂ ತಂದುಕೊಟ್ಟರು. ಅಂದಿನಿಂದ ವಠಾರದ ಮಕ್ಕಳೆಲ್ಲ ನಮ್ಮ ಮನೆಯ ಹಾಲಿನಲ್ಲೇ.

ನನಗೆ ಹೇಸಿಗೆಯಾಗುತ್ತಿದ್ದದ್ದು ಆಟದಿಂದಷ್ಟೇ ಅಲ್ಲ. ಕ್ಯಾಸೆಟ್ಟಿನ ಕೆಳತುದಿಯಲ್ಲಿ ಚಿನ್ನದ ಬಣ್ಣದ ಹಲ್ಲುಗಳ ಒಂದು ಸಾಲಿತ್ತು. ಪರದೆಯ ಮೇಲೆ ಗೆರೆಗಳು ಮೂಡಿದರೆ ಕ್ಯಾಸೆಟ್ಟನ್ನು ಕಿತ್ತು, ಆ ಹಲ್ಲುಗಳಿಗೆ ಬಾಯಿಟ್ಟು ಊದಿ, ಮತ್ತೆ ಸಿಕ್ಕಿಸಬೇಕು. ಎಲ್ಲ ಮಕ್ಕಳೂ ಸರದಿಯಂತೆ ಕೆನ್ನೆಯುಬ್ಬಿಸಿ, ಉಗುಳು ಸಿಡಿಸಿ ಊದುತ್ತಿದ್ದರು. ಲೋಟವನ್ನು ತುಟಿಗೆ ತಾಗಿಸಿದರೆ ಎಂಜಲೆಂದು ಎತ್ತಿ ಕುಡಿಯುವುದನ್ನು ಕಲಿತಿದ್ದ ಮನೆಗಳ ಮಕ್ಕಳು ಇವರೇ! ಆಡಲು ಕೈಯಲ್ಲಿ ಹಿಡಿಯುವ ಎರಡು ರಿಮೋಟುಗಳಿಗೆ ಕೋಡುಬಳೆಯ ಎಣ್ಣೆ ಮೆತ್ತಿ, ಅದಕ್ಕೆ ಧೂಳು ಹಿಡಿದು, ಗುಂಡಿಯೊತ್ತಿದರೆ ಬೆರಳು ಅಂಟಿಕೊಂಡೇ ಮೇಲೇಳುತ್ತಿತ್ತು. ನನ್ನ ಸರದಿ ಬಂದಾಗಲೆಲ್ಲ ನಾನು ಕರವಸ್ತ್ರದಿಂದ ಒರೆಸುತ್ತಿದ್ದೆ. ಉಳಿದವರು ನಗುತ್ತಿದ್ದರು.

ಆದರೂ ನ್ಯಾಯವಾಗಿ ಹೇಳಬೇಕೆಂದರೆ ಆ ಆಟಕ್ಕೆ ಎರಡು ಗುಣಗಳಿದ್ದವು. ಗುಂಡಿಯೊತ್ತಿದ ಕ್ಷಣಕ್ಕೇ ಆಟಗಾರ ಒದೆಯುತ್ತಿದ್ದ, ತಡವೆಂಬುದಿರಲಿಲ್ಲ. ಮತ್ತು ಓಡುತ್ತಿರುವವನು ಒದ್ದ ಚೆಂಡು ಅವನು ಓಡುತ್ತಿದ್ದ ದಿಕ್ಕಿಗೇ ತುಸು ವಾಲುತ್ತಿತ್ತು. ಈ ಎರಡನೆಯದನ್ನು ಕಂಡುಕೊಂಡವರಿಗೆ ಮಾತ್ರ ಆ ದರಿದ್ರ ವಸ್ತು ನಿಜವಾಗಿ ಆಟವಾಗುತ್ತಿತ್ತು. ಕಂಡುಕೊಂಡವಳು ಒಬ್ಬಳೇ, ಎದುರುಮನೆಯ ಹುಡುಗಿ. ನನ್ನಂತೆಯೇ ಒಂಬತ್ತನೆಯ ತರಗತಿ. ಬೀದಿಯ ಕ್ರಿಕೆಟ್ಟಿಗೆ ಅವಳನ್ನು ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಹೆಚ್ಚೆಂದರೆ ಕಾಂಪೌಂಡಿನೊಳಗೆ ಬಿದ್ದ ಚೆಂಡನ್ನು ಎಸೆಯಲು ಕೂಗುತ್ತಿದ್ದರು. ನಮ್ಮ ಹಾಲಿನಲ್ಲಿ ಅವಳು ಆ ಹುಡುಗರನ್ನೆಲ್ಲ ಒಬ್ಬೊಬ್ಬರನ್ನಾಗಿ ಸೋಲಿಸಿದಳು.

ದೋಷಗಳಲ್ಲೆಲ್ಲ ಹೀನವಾದದ್ದು ಬಲಮೂಲೆಯದು. ಮೈದಾನದ ಬಲಮೂಲೆಯಲ್ಲಿ, ಕೊನೆಯ ಬಿಳಿಗೆರೆಯ ಮೇಲೆ ನಿಂತು ಒದ್ದರೆ ಗೋಲ್‌ಕೀಪರ್ ಎಡಕ್ಕೆ ತಿರುಗಿ ಕಂಬದಂತೆ ನಿಂತುಬಿಡುತ್ತಿದ್ದ. ಚೆಂಡು ಅವನ ಹೊಟ್ಟೆಯ ಮೂಲಕವೇ ಹಾದು ಬಲೆ ಸೇರುತ್ತಿತ್ತು. ಇದು ತಿಳಿದ ವಾರದೊಳಗೆ ಆಟವೆಂದರೆ ಎಲ್ಲರೂ ಬಲಮೂಲೆಗೆ ಓಡುವುದು ಎಂದಾಯಿತು.

ಆಗ ನಾನು ನಿಯಮಗಳನ್ನು ಬರೆದೆ. ತರಗತಿಯಲ್ಲಿ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಮಾನಿಟರ್ ನಾನು. ಗೆಳೆಯರ ಕಾಗುಣಿತ ತಿದ್ದಿ ಬೈಸಿಕೊಳ್ಳುವವನೂ ನಾನೇ. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ, ಅಂಚಿಗೆ ಕೆಂಪುಗೆರೆ ಹಾಕಿ, ಹತ್ತು ನಿಯಮ. ಮೂರನೆಯದು: ಬಲಮೂಲೆಯ ಗೆರೆಯಿಂದ ಹೊಡೆದ ಗೋಲು ಗಣನೆಗಿಲ್ಲ. ಏಳನೆಯದು: ಯಾವುದೇ ಕಾರಣದಿಂದ ಪಂದ್ಯ ಪೂರ್ತಿಯಾಗದಿದ್ದರೆ ಫಲಿತಾಂಶ ಸಮ. ಹತ್ತನೆಯದು: ತಕರಾರು ಬಂದಾಗ ಪುಸ್ತಕ ಬರೆಯುವವನ ತೀರ್ಮಾನವೇ ಅಂತಿಮ. ಎಲ್ಲರೂ ಸಹಿ ಹಾಕಿದರು. ಮೊದಲ ಪುಟವನ್ನು ಖಾಲಿ ಬಿಟ್ಟೆ. ದಸರೆ ರಜೆಯ ಪಂದ್ಯಾವಳಿಯಲ್ಲಿ ಗೆದ್ದವರ ಹೆಸರನ್ನು ಅಲ್ಲಿ ದುಂಡಕ್ಷರದಲ್ಲಿ ಬರೆಯುವುದೆಂದು ಘೋಷಿಸಿದೆ.

ಅದೇ ರಜೆಯಲ್ಲಿ ಅವಳ ತಂದೆಗೆ ರಾಯಚೂರಿಗೆ ವರ್ಗವಾಯಿತು. ವಿಜಯದಶಮಿಯ ಮಧ್ಯಾಹ್ನ ಸಾಮಾನಿನ ಲಾರಿ ಹೊರಡುವುದೆಂದು ನಿಶ್ಚಯವಾಗಿತ್ತು.

"ಹೋಗೋ ಮುಂಚೆ ನನ್ನ ಹೆಸರು ಬರೀಬೇಕು ನೀನು ಆ ಪುಟದಲ್ಲಿ," ಎಂದಿದ್ದಳು. "ಈ ಬೀದಿ ಹುಡುಗ್ರೆಲ್ಲ ಬಂದ್ ಓದ್ಬೇಕು."

ಅಂತಿಮ ಪಂದ್ಯಕ್ಕೆ ಉಳಿದವರು ಅವಳು ಮತ್ತು ನಾನು. ಆಯುಧಪೂಜೆಯ ಹಿಂದಿನ ಸಂಜೆ ಮೊದಲರ್ಧ ಆಡಿದೆವು. ಅವಳು ಓಡುತ್ತಲೇ ಒದ್ದು, ಚೆಂಡನ್ನು ವಾಲಿಸಿ, ಮೂರು ಗೋಲು ಹೊಡೆದಳು. ನನ್ನದು ಒಂದು.

"ಏಯ್, ಅದು ಬಲಮೂಲೆ ಕಣೋ! ಗೆರೆ ಮೇಲೇ ನಿಂತಿದ್ದ ನಿನ್ನೋನು."

"ಇಲ್ಲ, ಒಂದು ಹೆಜ್ಜೆ ಈಚೆಗಿದ್ದ."

"ಈಚೆಗಿದ್ರೆ ಕೀಪರ್ ಯಾಕೋ ಗರ ಬಡಿದೋನ್ ಥರ ನಿಂತ್ಕೊಂಡ?"

"ಹತ್ತನೇ ನಿಯಮ ಓದ್ಕೊ."

"ನಿನ್ನ ಹತ್ತನೇ ನಿಯಮಕ್ಕಿಷ್ಟು ಬೆಂಕಿ ಹಾಕ! ಬರ್ಕೊ, ಬರ್ಕೊ. ಭಿಕ್ಷೆ ಅಂತ ಬರ್ಕೊ. ಆದ್ರೂ ಮೂರು–ಒಂದು."

ಅಷ್ಟರಲ್ಲಿ ದಸರೆಗೆ ಕೂರಿಸಿದ್ದ ಗೊಂಬೆ ನೋಡುವವರು ಬಂದು ಕೋಣೆ ತುಂಬಿತು. ಟೀವಿ ಆರಿಸಬೇಕಾಯಿತು. ಉಳಿದರ್ಧ ವಿಜಯದಶಮಿಯ ಬೆಳಿಗ್ಗೆ ಎಂದು ಗೊತ್ತುಮಾಡಿದೆವು. ಆರಿಸಿದೊಡನೆ ಎಲ್ಲವನ್ನೂ ಮರೆಯುವ ಯಂತ್ರವದು. ಮೂರು–ಒಂದು ಎಂಬುದು ಉಳಿದದ್ದು ನನ್ನ ಪುಸ್ತಕದಲ್ಲಿ ಮಾತ್ರ.

ನಮ್ಮೊಡನೆಯೇ ಇದ್ದ ನನ್ನ ಸೋದರತ್ತೆ ವಠಾರಕ್ಕೆಲ್ಲ ಅತ್ತೆಯೇ. ಆಯುಧಪೂಜೆಯ ದಿನ ಅವರು ಹೊಲಿಗೆ ಯಂತ್ರ, ಈಳಿಗೆಮಣೆ, ಇಸ್ತ್ರಿಪೆಟ್ಟಿಗೆ, ಅಪ್ಪನ ಸ್ಕೂಟರಿನ ಕೀಲಿ, ನಮ್ಮ ಪಠ್ಯಪುಸ್ತಕಗಳು ಎಲ್ಲವನ್ನೂ ಮಣೆಯ ಮೇಲಿಟ್ಟು ಪೂಜಿಸಿದರು. ವಿಡಿಯೋ ಗೇಮನ್ನೂ ಬಿಡಲಿಲ್ಲ. ಸಂಜೆ ತಾಯಿಯೊಡನೆ ಕುಂಕುಮಕ್ಕೆ ಬಂದ ಅವಳು ಮಣೆಯ ಮುಂದೆ ನಿಂತು ಚೀರಿದಳು. ಕ್ಯಾಸೆಟ್ಟನ್ನು ತಲೆಕೆಳಗಾಗಿ ನಿಲ್ಲಿಸಿ, ಚಿನ್ನದ ಹಲ್ಲುಗಳ ಉದ್ದಕ್ಕೂ ತೇಯ್ದ ಗಂಧವನ್ನು ದಪ್ಪಗೆ ಬಳಿದು, ನಡುವೆ ಕುಂಕುಮವಿಟ್ಟು, ಒಂದು ಸೇವಂತಿಗೆಯನ್ನೂ ಸಿಕ್ಕಿಸಲಾಗಿತ್ತು.

"ಅತ್ತೇ, ಇದೇನ್ ಮಾಡಿದೀರಾ? ಹಲ್ಲಿಗೇ ಹಚ್ಚಿದೀರಲ್ಲ!"

"ಮತ್ತಿನ್ನೇನು? ಮುಖ ಬಿಟ್ಟು ಬೆನ್ನಿಗ್ ಇಡ್ತಾರೇನೇ ಕುಂಕುಮಾನ? ಪಳಪಳ ಅಂತಿತ್ತು, ಇದೇ ಮುಖ ಅಂತ ಇಟ್ಟೆ. ಎಷ್ಟ್ ಲಕ್ಷಣವಾಗಿದೆ ನೋಡು."

ಅತ್ತೆ ಕೋಸಂಬರಿ ತರಲು ಒಳಹೋದರು. ಅವಳು ನನ್ನತ್ತ ತಿರುಗಿದಳು.

"ಇನ್ನೂ ಹಸಿ ಇದೆ. ಈಗ್ಲೇ ಒರ್ಸಿದ್ರೆ ಹೋಗತ್ತೆ. ನಿನ್ ಕರ್ಚೀಫ್ ಕೊಡೋ."

"ಪೂಜೆಗಿಟ್ಟಿದ್ದನ್ನ ನಾಳೆ ಪುನಃಪೂಜೆ ಆಗೋ ತನಕ ಮುಟ್ಟಬಾರದು."

"ನೀನ್ ಯಾವಾಗಿಂದಪ್ಪ ಪುರೋಹಿತ ಆಗಿದ್ದು?"

"ನಿಯಮ ಅಂದ್ರೆ ನಿಯಮ ಕಣೇ."

ಅದೇ ಮಣೆಯ ಮೇಲಿದ್ದ ನನ್ನ ವ್ಯಾಕರಣದ ಪುಸ್ತಕವನ್ನು ಅಂದೇ ಮಧ್ಯಾಹ್ನ, ಮೇಲಿನ ಹೂ ಅಲುಗದಂತೆ ಎಳೆದುಕೊಂಡು ಓದಿ, ಮತ್ತೆ ಇದ್ದಂತೆಯೇ ಇಟ್ಟಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ. ಕರವಸ್ತ್ರ ನನ್ನ ಜೇಬಿನಲ್ಲೇ ಇತ್ತು. ಎಂಜಲಾದ ರಿಮೋಟನ್ನು ನಿತ್ಯ ಒರೆಸುತ್ತಿದ್ದ ಕರವಸ್ತ್ರ.

ಬೆಳಗಾಗುವಷ್ಟರಲ್ಲಿ ಗಂಧ ಗಾರೆಯಂತೆ ಗಟ್ಟಿಯಾಗಿತ್ತು. ಪುನಃಪೂಜೆ ಮುಗಿದೊಡನೆ ಅವಳು ಹಲ್ಲುಗಳ ಸಂದಿಯನ್ನು ಹೇರ್‌ಪಿನ್ನಿನಿಂದ ಕೆರೆದಳು, ಒದ್ದೆ ಬಟ್ಟೆಯಿಂದ ತಿಕ್ಕಿದಳು, ಕಣ್ಣಿಗೆ ಕತ್ತಲೆ ಬರುವಂತೆ ಊದಿದಳು. ತುಟಿಯ ಮೇಲೆಲ್ಲ ಕುಂಕುಮ. ಪರದೆಯಲ್ಲಿ ಬೂದು ಪಟ್ಟೆಗಳ ಹೊರತು ಏನೂ ಮೂಡಲಿಲ್ಲ. ಎದುರುಮನೆಯ ಬಾಗಿಲಿಗೆ ಲಾರಿ ಬಂದು ನಿಂತಿತ್ತು. ನಾನು ಪುಸ್ತಕ ತೆರೆದು ಏಳನೆಯ ನಿಯಮವನ್ನು ಗಟ್ಟಿಯಾಗಿ ಓದಿದೆ.

"ಸಮ ಅಂದ್ರೆ? ನಾನ್ ಎರಡು ಗೋಲು ಮುಂದಿದೀನಿ."

"ಪಂದ್ಯ ಪೂರ್ತಿಯಾಗಿಲ್ಲವಲ್ಲ."

"ಮಳೆ ಬಂದು ನಿಂತಿದ್ರೆ ಸರಿ ಅನ್ಬೋದಿತ್ತು. ಇದು ಒಣಗೋದನ್ನ ನೀನ್ ನೋಡ್ಕೊಂಡ್ ಕೂತಿದ್ದೆ ಕಣೋ."

ನಾನು ಕೆಂಪು ಶಾಯಿಯಲ್ಲಿ "ಸಮ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಅವಳು ಪುಸ್ತಕವನ್ನು ತನ್ನ ಕಡೆಗೆಳೆದು ಮೊದಲ ಪುಟ ತಿರುವಿದಳು.

"ಹಂಗಾದ್ರೆ ಇದು ಖಾಲಿನೇ ಇರತ್ತೆ ಅನ್ನು. ಇರ್ಲಿ. ನೋಡ್ತಾ ಇರು ಇದನ್ನ."

ಅತ್ತೆ ಕೊಟ್ಟ ತೆಂಗಿನಕಾಯಿಯನ್ನು ತೆಗೆದುಕೊಂಡು ಹೋದಳು. ಆ ಮಧ್ಯಾಹ್ನ ನಾನು ಹಿತ್ತಿಲ ಬಚ್ಚಲಲ್ಲಿದ್ದೆ. ಲಾರಿ ಹೊರಟ ಸದ್ದು ಕೇಳಿಸಿತು.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ, ಮನೆಗೆ ಬಣ್ಣ ಹೊಡೆಸಲೆಂದು ಅಟ್ಟ ಖಾಲಿಮಾಡುವಾಗ ಬಿಸ್ಕತ್ತಿನ ಡಬ್ಬಿಯಲ್ಲಿ ಕ್ಯಾಸೆಟ್ಟೂ ನೋಟ್‌ಬುಕ್ಕೂ ಒಟ್ಟಿಗೆ ಸಿಕ್ಕವು. ಆ ವೇಳೆಗೆ ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮಕ್ಕಳ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುವುದೇ ಕಸುಬಾಗಿತ್ತು. ಹಲ್ಲುಗಳ ಮೇಲೆ ಹಸಿರು ಕಿಲುಬು, ಅದರಡಿಯಲ್ಲಿ ಇನ್ನೂ ಕುಂಕುಮ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಒಂದೊಂದೇ ಹಲ್ಲನ್ನು ಉಜ್ಜಿದೆ. ಎಲ್ಲ ಸೇರಿ ಕಾಲು ಗಂಟೆಯ ಕೆಲಸ. ಅಟ್ಟದಲ್ಲೇ ಇದ್ದ ಹಳೆಯ ವಿಡಿಯೋ ಗೇಮಿಗೆ ಸಿಕ್ಕಿಸಿ ಟೀವಿ ಹಾಕಿದೊಡನೆ ಆಸ್ಪತ್ರೆಯ ಹಸಿರೂ ಆ ಏಳು ಸ್ವರಗಳೂ ಹಾಲಿನೊಳಕ್ಕೆ ಬಂದುಬಿಟ್ಟವು.

"ಅಯ್ಯೋ, ಇನ್ನೂ ಸತ್ತಿಲ್ವೇನೋ ಆ ದರಿದ್ರ?" ಎಂದರು ಒಳಗಿನಿಂದ ಅತ್ತೆ.

ನನಗೆ ಆಡುವ ಆಸೆಯಿರಲಿಲ್ಲ. ಒಂದು ಪರೀಕ್ಷೆ ಮಾಡಬೇಕಿತ್ತು. ಬಲಮೂಲೆಯ ಬಿಳಿಗೆರೆಯ ಮೇಲೆ ನಿಂತು ಹತ್ತು ಸಲ ಒದ್ದೆ. ಹತ್ತು ಸಲವೂ ಗೋಲ್‌ಕೀಪರ್ ಎಡಕ್ಕೆ ತಿರುಗಿ ನಿಂತ, ಹತ್ತೂ ಗೋಲಾದವು. ಬಳಿಕ ಒಂದು ಹೆಜ್ಜೆ ಈಚೆಗೆ ಬಂದು ಹತ್ತು ಸಲ ಒದ್ದೆ. ಅವನು ಹತ್ತೂ ಸಲ ತಿರುಗಿ ಹಿಡಿದ. ಒಂದು ಸಲವೂ ಬಿಡಲಿಲ್ಲ. ಆ ಸಂಜೆ ನನ್ನವನು ನಿಂತದ್ದು ಎಲ್ಲಿ ಎಂಬುದಕ್ಕೆ ಇನ್ನು ಸಾಕ್ಷಿ ಬೇಕಿರಲಿಲ್ಲ. ನಾನು ಅಷ್ಟು ಹೇಸುತ್ತಿದ್ದ ಆ ಕುರುಡು ಯಂತ್ರ, ಅವತ್ತು ಆ ಹಾಲಿನಲ್ಲಿ ನನಗಿಂತ ನಂಬಿಕಸ್ಥವಾಗಿತ್ತು. ಎದ್ದುಹೋಗಿ ಕೈ ತೊಳೆದು ಬಂದೆ.

"ಸಮ" ಎಂಬುದಕ್ಕೆ ಅಡ್ಡಗೆರೆ ಎಳೆದು, ಮೂರು–ಒಂದು ಎಂಬುದಕ್ಕೂ ಎಳೆದು, ಪಕ್ಕದಲ್ಲಿ ಮೂರು–ಸೊನ್ನೆ ಎಂದು ಬರೆದೆ. ಮೊದಲ ಪುಟ ಹಳದಿಯಾಗಿ, ಅಂಚಿನಲ್ಲಿ ಪುಡಿಯಾಗುತ್ತಿತ್ತು. ಅದರ ಮೇಲೆ ಅವಳ ಹೆಸರನ್ನು ದುಂಡಕ್ಷರದಲ್ಲಿ ಬರೆದೆ. ಹಳೆಯ ಕಾಗದ ಶಾಯಿಯನ್ನು ಹೀರಿ ಒಂದೊಂದು ಅಕ್ಷರವೂ ಊದಿಕೊಂಡಿತು. ನನ್ನ ವಿದ್ಯಾರ್ಥಿ ಹಾಗೆ ಬರೆದಿದ್ದರೆ ಪುಟ ಹರಿದು ಮತ್ತೆ ಬರೆಸುತ್ತಿದ್ದೆ. ಓದಬೇಕಾಗಿದ್ದ ಹುಡುಗರಲ್ಲಿ ಒಬ್ಬನೂ ಆ ಬೀದಿಯಲ್ಲಿ ಉಳಿದಿರಲಿಲ್ಲ. ರಾಯಚೂರಿನ ಆ ಮನೆಯ ವಿಳಾಸವನ್ನು ನಾನು ಅಂದು ಕೇಳಿಟ್ಟುಕೊಂಡಿರಲಿಲ್ಲ.