ಶ್ರಾವಣದ ಉಣ್ಣಿಗಳು

ಕೆಲವು ದಿನಗಳ ಹಿಂದೆ ಪಡಸಾಲೆಯಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದೆ. ಕಲ್ಲು, ಹೆಂಟೆ, ಹುಳುಕು ಕಾಳು ಆರಿಸುವುದು ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಕೆಲಸ. ಕೈಯಾಡಿಸುವಾಗ ಕಾಳಿನ ನಡುವಿನಿಂದ ಹರಳೆಣ್ಣೆ ತೆಗೆಯುವ ಒಂದು ಔಡಲ ಬೀಜ ಮೇಲೆ ಬಂತು. ಬದುವಿನಲ್ಲಿ ಔಡಲ ಹಾಕಿದ ಹೊಲದ ತೊಗರಿಯಲ್ಲಿ ಹೀಗೆ ಒಂದೊಂದು ಬೀಜ ಸೇರಿ ಬರುವುದು ಹೊಸದಲ್ಲ. ಉಬ್ಬಿದ ಹೊಟ್ಟೆ, ನುಣ್ಣನೆಯ ಬೂದು ಮೈ, ಅದರ ಮೇಲೆ ಕಂದು ಗೆರೆ, ತುದಿಯಲ್ಲಿ ಸಣ್ಣ ತಲೆಯಂಥ ಗಂಟು. ನನ್ನ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಮೊರ ಮಗುಚಿ ಕಾಳೆಲ್ಲ ನೆಲಕ್ಕೆ ಚೆಲ್ಲಿತು. ರಕ್ತ ಕುಡಿದು ಉಬ್ಬಿದ ಉಣ್ಣಿಯನ್ನು ನೋಡಿದವರಿಗೆ ಗೊತ್ತು, ಅದು ಥೇಟ್ ಔಡಲ ಬೀಜದಂತೆಯೇ ಇರುತ್ತದೆ.

ಒಳಗಿನಿಂದ ನನ್ನ ಹೆಂಡತಿ ಬಂದು, "ಏನಾತ್ರಿ? ಚೇಳು ಬಂತೇನು?" ಅಂದಳು.

"ಏನಿಲ್ಲ, ಔಡಲ" ಅಂದೆ.

ಅವಳು ಬೀಜವನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ಕಸಬರಿಗೆ ತಂದು ಕಾಳು ಬಳಿಯತೊಡಗಿದಳು. ಅವಳಿಗೆ ಎಷ್ಟು ಗೊತ್ತಿದೆ ಎಂದು ಇಷ್ಟು ವರ್ಷವಾದರೂ ನಾನು ಕೇಳಿಲ್ಲ...

ಹೂವಿನ ಹಿಪ್ಪರಗಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ಸೇರಿ ಒಂದೇ ಗೋಡೆ. ಅದೇ ಮಣ್ಣಿನ ಗೋಡೆ ಹಿತ್ತಲಲ್ಲಿ ಎದೆಯೆತ್ತರಕ್ಕೆ ಇಳಿದು ಕೊನೆಯವರೆಗೂ ಹೋಗುತ್ತಿತ್ತು. ಪಕ್ಕದ ಮನೆಯವರು ನಮ್ಮ ಬಳಗದವರಲ್ಲ. ಆದರೂ ಆ ಮನೆಯ ಯಜಮಾನನನ್ನು ಅಣ್ಣಾ ಎಂದೂ ಅವನ ಹೆಂಡತಿಯನ್ನು ವೈನಿ ಎಂದೂ ಕರೆಯುತ್ತ ಬಂದಿದ್ದೆ. ವೈನಿ ನನಗೆ ತಮ್ಮಾ ಅನ್ನುತ್ತಿದ್ದಳು. ಅವರ ಒಬ್ಬಳೇ ಮಗಳು ಮದುವೆಯಾಗಿ ಆಲಮೇಲಕ್ಕೆ ಹೋದ ಹೊಸತು ಅದು. ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ.

ವೈನಿ ಕೌದಿ ಹೊಲಿಯುತ್ತಿದ್ದಳು. ಓಣಿಯವರೆಲ್ಲ ಹಳೆಯ ಸೀರೆ, ಧೋತರ ತಂದು ಕೊಡುತ್ತಿದ್ದರು. ಅವುಗಳನ್ನು ಒಗೆದು, ಹರಿದು, ಹಿತ್ತಲ ಗೋಡೆಯ ಬುಡದಲ್ಲಿ ಗಂಟು ಕಟ್ಟಿ ಇಟ್ಟಿರುತ್ತಿದ್ದಳು. ಮಧ್ಯಾಹ್ನ ಗೋಡೆಯ ನೆರಳಿಗೆ ಕಾಲು ಚಾಚಿ ಕೂತರೆ ಸಂಜೆಯವರೆಗೆ ಸೂಜಿಯೂ ನಿಲ್ಲುತ್ತಿರಲಿಲ್ಲ, ಮಾತೂ ನಿಲ್ಲುತ್ತಿರಲಿಲ್ಲ. ನಾನು ಮುದ್ದೇಬಿಹಾಳ ಕಡೆಯಿಂದ ಒಂದು ಬೇಟೆನಾಯಿ ತಂದು ಸಾಕಿದ್ದೆ. ಅದರ ಮೇಲೆ ನನಗೆ ವಿಪರೀತ ಅಭಿಮಾನ. ಅದನ್ನು ಹಿಡಿದುಕೊಂಡು ಓಣಿಯಲ್ಲಿ ಹೋದರೆ ಎದೆ ತಾನಾಗಿ ಉಬ್ಬುತ್ತಿತ್ತು. ವೈನಿಗೆ ಅದೇ ತಮಾಷೆ.

"ತಮ್ಮಾ, ನಾಯಿ ಬರೇ ಎಲಬು ಕಾಣತೈತಿ. ಹೆಂಡತಿ ರೊಟ್ಟಿ ಹಾಕೂದಿಲ್ಲೇನು ಅದಕ್ಕ?"

"ಅದು ಬ್ಯಾಟಿ ನಾಯಿ ವೈನಿ. ಹಂಗ ಇರತೈತಿ."

"ನೀನೂ ಹಂಗ ಅದಿ. ನೀ ಯಾವ ಬ್ಯಾಟಿ ಆಡ್ತಿ?"

ಆ ವರ್ಷ ಮಳೆ ಬಿಟ್ಟು ಬಿಟ್ಟು ಬಂತು. ಆಷಾಢದ ಕೊನೆಗೆ ನಾಯಿ ಮಂಕಾಯಿತು. ರೊಟ್ಟಿ ಮುಟ್ಟಲಿಲ್ಲ. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ ನೋಡಿದರೆ ಸಾಲು ಸಾಲು ಉಣ್ಣಿ. ದೊಡ್ಡವು ಔಡಲ ಬೀಜದಷ್ಟು, ಸಣ್ಣವು ಎಳ್ಳಿನಷ್ಟು. ಬಾಗೇವಾಡಿಯ ದನದ ದವಾಖಾನೆಗೆ ಒಯ್ದೆ. ಡಾಕ್ಟರು ನಾಯಿಗೆ ಸೂಜಿ ಮಾಡಿ, ಒಂದು ಬಾಟಲಿ ಔಷಧ ಕೊಟ್ಟರು. ನೀರಲ್ಲಿ ಕಲಸಿ ನಾಯಿಗೆ ಹಚ್ಚಬೇಕು, ಗೋಡೆಯ ಬಿರುಕುಗಳಿಗೂ ಹೊಡೆಯಬೇಕು, ಉಣ್ಣಿ ನಾಯಿಯ ಮೈಮೇಲಿಗಿಂತ ಗೋಡೆಯೊಳಗೇ ಹೆಚ್ಚು ಇರುತ್ತವೆ ಎಂದರು. ನಾನು ಹೂಂ ಅಂದು ಬಂದೆ.

ಅಷ್ಟರಲ್ಲಿ ಶ್ರಾವಣ ಹಿಡಿದಿತ್ತು. ನಮ್ಮ ಮನೆಯಲ್ಲಿ ತಾಯಿಯ ಕಾಲದಿಂದ ಒಂದು ನೇಮ. ಶ್ರಾವಣ ಮುಗಿಯುವವರೆಗೆ ಯಾವ ಜೀವವನ್ನೂ ಕೊಲ್ಲಬಾರದು. ಇರುವೆ ಸಾಲು ಬಂದರೆ ದಾಟಿಕೊಂಡು ಹೋಗುತ್ತಿದ್ದೆವು. ತಿಗಣಿ ಸಿಕ್ಕರೆ ಹೊಸಕದೆ ಹೊರಗೆ ಬಿಡುತ್ತಿದ್ದೆವು. ಬೇರೆ ತಿಂಗಳಲ್ಲಿ ನಾಯಿಯ ಉಣ್ಣಿ ಕಿತ್ತು ಚಿಮಣಿ ಎಣ್ಣೆಯ ಡಬ್ಬಿಯಲ್ಲಿ ಹಾಕುತ್ತಿದ್ದವನು ನಾನೇ. ಶ್ರಾವಣದಲ್ಲಿ ಹೇಗೆ ಹಾಕಲಿ? ಬಾಟಲಿಯನ್ನು ಗೋಡೆಯ ಮಾಡದಲ್ಲಿ ಇಟ್ಟೆ. ಶ್ರಾವಣ ಕಳೆದ ಮೇಲೆ ನೋಡಿದರಾಯಿತು ಎಂದುಕೊಂಡೆ.

ಆದರೆ ನಾಯಿಯ ಸಂಕಟ ನೋಡಲಾಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ಹಿತ್ತಲ ಬಂಡೆಯ ಮೇಲೆ ಅದನ್ನು ಮಲಗಿಸಿ ಉಣ್ಣಿ ಕೀಳುತ್ತಿದ್ದೆ. ಕಿತ್ತದ್ದನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಗೋಡೆಯ ಮೇಲಿಂದ ಆಚೆ ಝಾಡಿಸುತ್ತಿದ್ದೆ. ಕೊಂದಂತೆಯೂ ಆಗಲಿಲ್ಲ, ಮನೆಯಲ್ಲಿ ಇಟ್ಟುಕೊಂಡಂತೆಯೂ ಆಗಲಿಲ್ಲ. ಅಲ್ಲಿ ವೈನಿಯ ಚಿಂದಿಯ ಗಂಟುಗಳಿದ್ದವು. ನಾನು ನೋಡಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೋಡಿದ್ದೆ. ಬಿಸಿಲಿಗೆ ಒಣಗಿ ತಾವೇ ಸಾಯುತ್ತವೆ, ಆ ಪಾಪ ನನ್ನದಲ್ಲ ಎಂದುಕೊಂಡಿದ್ದೆ. ಆ ತಿಂಗಳು ಬಿಸಿಲೇ ಬೀಳಲಿಲ್ಲ...

ಶ್ರಾವಣದ ಕಡೆಯ ಸೋಮವಾರ ಇರಬೇಕು. ನಳದ ಹತ್ತಿರ ನೀರಿಗೆ ಓಣಿಯೆಲ್ಲ ನೆರೆದಿತ್ತು. ವೈನಿ ಕೊಡ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ತಮ್ಮಾ, ನಿಮ್ಮ ನಾಯಿ ಉಣ್ಣಿ ನಮ್ಮ ಗ್ವಾಡಿ ಹತ್ತಾಕತ್ತಾವು. ನನ್ನ ಚಿಂದ್ಯಾಗೂ ಸಿಕ್ಕಾವು. ಏನಾರ ಮಾಡಪಾ."

ಅವಳು ಜಗಳಕ್ಕೆ ಹೇಳಿರಲಿಲ್ಲ. ಆದರೆ ಓಣಿಯವರ ಎದುರು ನನ್ನ ನಾಯಿಯನ್ನು ಹೀಗೆ ಅಂದದ್ದು ನನಗೆ ತಡೆಯಲಿಲ್ಲ. "ನಮ್ಮ ನಾಯಿಗಿ ಉಣ್ಣಿ ಎಲ್ಲಿ ಅದಾವು? ಬಾಗೇವಾಡಿ ಡಾಕ್ಟರ್ ಔಷಧ ಹಚ್ಚೇನಿ. ಮದಲ ನಿಮ್ಮ ಆಡಿನ ಮೈ ನೋಡಿಕೋ" ಅಂದೆ.

"ಆಡು ಮಾರಿ ವರ್ಷಾತಲ್ಲೋ" ಅಂದಳು. ಹೆಂಗಸರು ನಕ್ಕರು.

ಆ ನಗು ನನ್ನ ತಲೆಗೆ ಏರಿತು. "ಶ್ರಾವಣದಾಗ ನಿಂತು ಹೇಳ್ತೇನಿ, ಬಸವಣ್ಣನ ಆಣಿ, ನನ್ನ ನಾಯಿಗಿ ಒಂದೂ ಉಣ್ಣಿ ಇಲ್ಲ" ಅಂದೆ. ವೈನಿ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿದ್ದದ್ದು ಸಿಟ್ಟಲ್ಲ, ಅಂಜಿಕೆ. "ಅಷ್ಟಕ್ಕ ಆಣಿ ಯಾಕ ಮಾಡ್ತೀಯೋ" ಎಂದು ಮೆಲ್ಲಗೆ ಅಂದು, ತುಂಬದ ಕೊಡವನ್ನೇ ಎತ್ತಿಕೊಂಡು ಹೋದಳು. ಉಣ್ಣಿ ಕೊಂದರೆ ಪಾಪ ಬರುತ್ತದೆಂದು ಹೆದರಿದವನು, ಸುಳ್ಳು ಆಣೆಗೆ ಹೆದರಲಿಲ್ಲ.

ಶ್ರಾವಣ ಮುಗಿಯಿತು. ನಾಯಿಗೆ ಔಷಧ ಹಚ್ಚಿದೆ, ನಮ್ಮ ಕಡೆಯ ಬಿರುಕುಗಳಿಗೂ ಹೊಡೆದೆ. ಆಚೆ ಕಡೆ ಹೊಡೆಯಬೇಕಾದರೆ ವೈನಿಯನ್ನು ಕೇಳಬೇಕು. ಕೇಳಿದರೆ ಆಣೆ ಸುಳ್ಳಾಗುತ್ತದೆ. ಸಂಜೆ ಹಿತ್ತಲಿಗೆ ಹೋದಾಗ ನೋಡುತ್ತಿದ್ದೆ, ಗೋಡೆಯ ನೆತ್ತಿಯ ಮೇಲೆ ಉಣ್ಣಿಗಳು ನಿಧಾನವಾಗಿ ಹರಿಯುತ್ತಿದ್ದವು, ಎಲ್ಲಿಗೆ ಹೋಗಬೇಕೆಂದು ಗೊತ್ತಿದ್ದವರ ಹಾಗೆ. ನೋಡಿ, ನೋಡದವನಂತೆ ಒಳಗೆ ಬರುತ್ತಿದ್ದೆ.

ಗಣೇಶನ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ವೈನಿಗೆ ಜ್ವರ ಬಂತು. ತಲೆ ಸಿಡಿಯುತ್ತದೆ, ಮೈಯೆಲ್ಲ ಜಜ್ಜಿದಂತಾಗಿದೆ ಎನ್ನುತ್ತಿದ್ದಳಂತೆ. ಊರ ಡಾಕ್ಟರು ಟೈಫಾಯಿಡ್ ಇರಬೇಕೆಂದು ಸೂಜಿ ಮಾಡಿದರು. ಜ್ವರ ಇಳಿಯಲಿಲ್ಲ. ಮಣಿಕಟ್ಟಿನಲ್ಲಿ ಕೆಂಪು ಗುಳ್ಳೆ ಎದ್ದವು, ಆಮೇಲೆ ಅಂಗೈ ಅಂಗಾಲಿನಲ್ಲೂ ಕಂಡವು. ಓಣಿಯ ಹಿರಿಯರು ಇದು ಸಿಡುಬು, ಅವ್ವ ಬಂದಾಳ ಅಂದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ದವಾಖಾನೆ ಬೇಡವೆಂದರು. ನನ್ನ ಹೆಂಡತಿ ಗಂಜಿ ಕೊಟ್ಟು ಬಂದು, "ಅಂಗಾಲಿಗೂ ಅವ್ವ ಬರತಾಳೇನ್ರಿ?" ಎಂದು ನನ್ನನ್ನು ಕೇಳಿದಳು.

ವೈನಿ ಎದ್ದು ಕೂಡಲಾರದಂತಾದಾಗ ಅಣ್ಣ ನನ್ನನ್ನು ಕರೆದ. ಜೀಪು ಮಾಡಿಕೊಂಡು ವಿಜಯಪುರದ ದೊಡ್ಡ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಅವಳ ತಲೆ ಅಣ್ಣನ ತೊಡೆಯ ಮೇಲೆ, ಕಾಲು ನನ್ನ ತೊಡೆಯ ಮೇಲೆ. ಅಂಗಾಲಿನ ಗುಳ್ಳೆಗಳು ಕಪ್ಪಗಾಗಿದ್ದವು.

ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು ಡಾಕ್ಟರು. ವೈನಿಯ ಅಂಗೈ ಬಿಡಿಸಿ ನೋಡಿದರು, ಕೂದಲು ಸರಿಸಿ ಕಿವಿಯ ಹಿಂದೆ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, "ಮನ್ಯಾಗ ನಾಯಿ ಐತೇನ್ರಿ? ಉಣ್ಣಿ ಏನಾರ ಕಡದಿತ್ತೇನು?" ಎಂದು ಕೇಳಿದರು.

"ಇಲ್ರಿ, ನಾವು ನಾಯಿ ಸಾಕಿಲ್ರಿ" ಅಂದ ಅಣ್ಣ. ಅವನು ಹೇಳಿದ್ದು ನಿಜವೇ.

ಆಗ ವೈನಿ ಕಣ್ಣು ತೆರೆದಳು. ನೋಟ ನನ್ನ ಮೇಲೆಯೇ ನಿಂತಿತು. "ಗ್ವಾಡಿ ಹತ್ತಾಕತ್ತಾವು... ನೋಡ್ರಿ... ತಗೀರಿ ಅವನ್ನ" ಅಂದಳು. ಸ್ವರ ಸಣ್ಣದಾಗಿತ್ತು, ಆದರೆ ಮಾತು ಸ್ಪಷ್ಟವಿತ್ತು. ಅಣ್ಣ ಆಸ್ಪತ್ರೆಯ ಬಿಳಿ ಗೋಡೆ ನೋಡಿದ. ಅಲ್ಲಿ ಏನೂ ಇರಲಿಲ್ಲ. "ಸುಮ್ಮನಿರು, ಅಲ್ಲೇನೂ ಇಲ್ಲ" ಎಂದು ಅಂಗೈಯಿಂದ ಅವಳ ತುಟಿಯನ್ನು ಮೆಲ್ಲಗೆ ಮುಚ್ಚಿದ.

"ಏನಂತಾರವರು?" ಡಾಕ್ಟರು ನನ್ನನ್ನು ಕೇಳಿದರು.

ನಾನು ಹೇಳಬಹುದಿತ್ತು. ನಮ್ಮ ಮನೆಯಲ್ಲಿ ನಾಯಿ ಇದೆ, ಉಣ್ಣಿ ಇವೆ, ಗೋಡೆಯಾಚೆ ಹಾಕಿದವನು ನಾನೇ ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಅಣ್ಣ ಎದುರಿಗಿದ್ದ. ಊರಲ್ಲಿ ಮಾಡಿದ ಆಣೆ ಇತ್ತು. "ಜ್ವರದಾಗ ಬಡಬಡಸಾಕತ್ತಾಳ್ರಿ" ಅಂದೆ. ಡಾಕ್ಟರು ತಲೆಯಾಡಿಸಿ ಬೇರೆ ಏನೋ ಬರೆದರು. ವೈನಿ ಕಣ್ಣು ಮುಚ್ಚಿದಳು. ಮತ್ತೆ ಮಾತಾಡಲಿಲ್ಲ.

ಮರುದಿನ ಅವಳ ಬೆರಳ ತುದಿಗಳು ಕಪ್ಪಾದವು. ಸೂಜಿ ಹಿಡಿಯುತ್ತಿದ್ದ ಬೆರಳುಗಳು... ದೊಡ್ಡ ಡಾಕ್ಟರು ಬಂದು ನೋಡಿ ಔಷಧ ಬದಲಿಸಿದರು. ಸಂಜೆಗೆ ಎಲ್ಲ ಮುಗಿಯಿತು. ಹೊರಗೆ ಬಂದಾಗ ಆ ಹೆಣ್ಣುಮಗಳು ಡಾಕ್ಟರು ನನ್ನ ಹತ್ತಿರ ನಿಂತು, ಇದು ಉಣ್ಣಿಯಿಂದ ಬರುವ ಜ್ವರ ಇರಬೇಕು, ಅದಕ್ಕೆ ಸಾದಾ ಗುಳಿಗೆ ಇದೆ, ಆದರೆ ಬೇಗ ಕೊಡಬೇಕು ಎಂದರು. "ನಿನ್ನಿನ ಕೊಟ್ಟಿದ್ದರ ಉಳೀತಿದ್ರೇನ್ರಿ?" ಎಂದು ಕೇಳಿದೆ. "ಹೇಳಾಕ ಬರೂದಿಲ್ರಿ" ಅಂದರು. ಆ ಮಾತನ್ನು ನಾನು ಬಹಳ ವರ್ಷ ಆಸರೆ ಮಾಡಿಕೊಂಡು ಬದುಕಿದೆ. ಅದು ಆಸರೆಯಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಊರಲ್ಲಿ ಬೇರೆಯೇ ಮಾತು ಎದ್ದಿತು. ವೈನಿ ಸಾಯುವ ಮುಂಚೆ ಗೋಡೆಯ ಮೇಲೆ ಏನೋ ಕಂಡಳಂತೆ, ಅವು ಅವಳನ್ನು ಒಯ್ಯಲು ಬಂದಿದ್ದವಂತೆ. ಅಣ್ಣ ಅದನ್ನು ನಂಬಿದ. ಮನೆಯ ಗೋಡೆಗಳಿಗೆಲ್ಲ ವಿಭೂತಿ ಹಚ್ಚಿದ. ದಿನಾ ಸಂಜೆ ಗೋಡೆಯ ಬುಡಕ್ಕೆ ದೀಪ ಇಟ್ಟು ಅದರ ಎದುರು ಕೂಡುತ್ತಿದ್ದ. "ಎಷ್ಟು ಅಂಜಿ ಸತ್ತಳೋ ನಮ್ಮಾಕಿ" ಎಂದು ಅವನು ತನ್ನಷ್ಟಕ್ಕೆ ಅನ್ನುವುದು ಈಚೆ ನನಗೆ ಕೇಳಿಸುತ್ತಿತ್ತು. ಒಂದು ದಿನ ಆ ಮನೆಗೆ ಬೀಗ ಹಾಕಿ ಮಗಳ ಹತ್ತಿರ ಆಲಮೇಲಕ್ಕೆ ಹೋಗಿಬಿಟ್ಟ.

ನಾಯಿಯನ್ನು ಕಣ್ಣಿಂದ ನೋಡಲಾರದೆ, ಪರಿಚಯದವರ ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಝಳಕಿ ದಾಟಿ ಹೈವೇ ಬದಿಯಲ್ಲಿ ಇಳಿಸಿ ಬಂದೆ. ಅದು ಟೆಂಪೋದ ಹಿಂದೆ ಬಹಳ ದೂರ ಓಡಿತು. ಅದರ ಮೈಮೇಲೆ ಮತ್ತೆ ಒಂದೆರಡು ಉಣ್ಣಿ ಹತ್ತಿದ್ದವು. ಮುಂದೆ ಯಾರ ಮನೆಯ ಅಂಗಳ ಸೇರಿತೋ, ಅಲ್ಲಿ ಯಾವ ಮಕ್ಕಳು ಅದರ ಮೈ ಸವರಿದರೋ... ಆಗಲೂ ನಾನು ಕೊಲ್ಲಲಿಲ್ಲ.

ಔಡಲ ಬೀಜ ಕಂಡ ಮರುದಿನವೇ ಸಿಂದಗಿಗೆ ಹೋಗಿ ಅಲ್ಲಿಂದ ಆಲಮೇಲದ ಬಸ್ಸು ಹತ್ತಿದೆ. ಅಣ್ಣ ಮಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದ, ಬಹಳ ಇಳಿದುಹೋಗಿದ್ದ. ಮಗಳು ಚಹಾ ಕೊಟ್ಟು ಒಳಗೆ ಹೋದಳು. ನಾನು ಎಲ್ಲ ಹೇಳಿದೆ. ಪೇಪರಿನಲ್ಲಿ ಸುತ್ತಿ ಹಾಕಿದ್ದು, ಆಣೆ ಮಾಡಿದ್ದು, ಡಾಕ್ಟರಿಗೆ ಹೇಳಿದ ಸುಳ್ಳು. ಹೇಳಿ ಮುಗಿಸಿ, ಬೈಗುಳಕ್ಕೆ, ಹೊಡೆತಕ್ಕೆ ಕಾದು ಕೂತೆ.

ಅವನು ಚಹಾದ ಕಪ್ಪನ್ನು ಕೆಳಗಿಟ್ಟು, "ಹಂಗಾರ ಆಕಿಗಿ ಎಚ್ಚರಿತ್ತು" ಅಂದ.

"ಇತ್ತಣ್ಣಾ."

"ಖರೇನ ಹೇಳಾಕತ್ತಿದ್ಲು."

"ಹೌದಣ್ಣಾ."

ಅವನು ತನ್ನ ಬಲಗೈಯನ್ನು ಮೇಲೆತ್ತಿ ನೋಡಿಕೊಂಡ. "ನಾ ಆಕಿ ಬಾಯಿ ಮುಚ್ಚಿದೆ" ಅಂದ.

ತಪ್ಪೆಲ್ಲ ನನ್ನದು, ನಿನ್ನದೇನೂ ಇಲ್ಲ ಎಂದು ಎಷ್ಟೋ ಸಲ ಹೇಳಿದೆ. ಅವನು ಆ ಕೈಯನ್ನೇ ನೋಡುತ್ತಿದ್ದ. ಕೊನೆಗೆ ಎದ್ದು ಬಂದೆ. ತಿರುಗಿ ಬರುವಾಗ ಸಿಂದಗಿಯವರೆಗೂ ಬಸ್ಸಿನಲ್ಲಿ ನನ್ನ ಎದೆ ಹಗುರವಾಗಿತ್ತು. ಕಿಟಕಿಯ ಗಾಳಿಗೆ ನಿದ್ದೆಯೂ ಬಂತು. ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ನಿನ್ನೆ ಅಣ್ಣನ ಮಗಳು ಫೋನು ಮಾಡಿದ್ದಳು. "ಕಾಕಾ, ಅಪ್ಪಗ ಏನ್ ಹೇಳಿ ಹೋಗೀರಿ? ನೀವು ಹೋದಾಗಿಂದ ಊಟ ಬಿಟ್ಟಾನ. ತನ್ನ ಕೈ ನೋಡಿಕೋತ ಕುಂತಬಿಡತಾನ. ಕೇಳಿದ್ರ, ನಿಮ್ಮ ಕಾಕಾನ್ನ ಕೇಳು ಅಂತಾನ" ಅಂದಳು.

"ಬರ್ತೇನವ್ವಾ, ಬಂದು ಹೇಳ್ತೇನಿ" ಅಂದೆ. "ಲಗೂನ ಬರ್ರಿ ಕಾಕಾ" ಅಂದಳು. ಆ ದನಿ ವೈನಿಯದೇ ದನಿ.

ನಾಳೆ ಹೋಗುತ್ತೇನೆ. ವೈನಿಯನ್ನು ಯಾರೂ ತಿರುಗಿ ತರಲಾರರು. ಅವಳು ಬಡಬಡಿಸಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು ಎಂದು ಮಗಳಿಗೆ ತಿಳಿಸಬೇಕು. ತಿಳಿಸಿದ ಮೇಲೆ ಆ ಮನೆಯಲ್ಲಿ ಇನ್ನೊಬ್ಬರು ಊಟ ಬಿಡುತ್ತಾರೆ.