ಕಸದ ಮಡ್ಡಿಯ ತಿಳಿನೀರು

ಪಟ್ಟಣದ ಕಸ ಎಲ್ಲಿಗೆ ಹೋಗಿ ಬೀಳುತ್ತದೆಂಬುದನ್ನು ಬಲ್ಲವರು ಬಹಳ; ಬಿದ್ದ ಮೇಲೆ ಅದು ನೆಲದೊಳಗೆ ಏನು ಮಾಡುತ್ತದೆಂದು ಕೇಳಿದವರು ವಿರಳ. ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಆ ಪ್ರಶ್ನೆಯನ್ನು ಮೂವತ್ತೊಂದು ವರ್ಷ ಕೇಳುತ್ತಲೇ ಬಂದವರು, ಈ ತಿಂಗಳು ಪರಿಸರ ಅಭಿಯಂತರರ ಹುದ್ದೆಯಿಂದ ನಿವೃತ್ತರಾಗುತ್ತಿರುವ ಶ್ರೀ ಅಂಬ್ರಪ್ಪನವರು. ಆದರೂ ಈ ಅಭಿನಂದನ ಗ್ರಂಥಕ್ಕಾಗಿ ಅವರ ಸೇವೆಯನ್ನು ನೆನೆಯಲು ಕುಳಿತಾಗ ನನಗೆ ಮೊದಲು ಎದುರಾಗುವುದು ಅವರ ಯಶಸ್ಸಲ್ಲ, ಒಂದು ಗೊಂದಲ.

ನಾರಾಯಣಪುರದ ಕಾಲುವೆಗಳಲ್ಲಿ ಬಸಿನೀರು ಅಳೆಯುವ ಕೆಲಸದಿಂದ ಆರಂಭಿಸಿ ನಮ್ಮ ಪುರಸಭೆಗೆ ಬಂದವರು ಅವರು. ನಾನು ಪ್ರಯೋಗಾಲಯದ ಸಹಾಯಕನಾಗಿ ಸೇರಿದ ವಾರವೇ ವಡಗೇರಾ ಬಸ್ಸಿನಲ್ಲಿ ಹನ್ನೆರಡು ಮಾದರಿ ಬಾಟಲಿ ಒಡೆದೆ. ಮರುದಿನದ ಪೆಟ್ಟಿಗೆಯನ್ನು ಅವರು ದಾರಿಯುದ್ದಕ್ಕೂ ತಮ್ಮ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದರು.

ಊರಾಚೆಯ ಮಡ್ಡಿ ಎಂಬ ಬೋಳು ದಿಬ್ಬದ ಮೇಲೆ ಕಸದ ರಾಶಿ, ಅದರ ಒಂದು ಮಗ್ಗುಲಿಗೆ ಕಾಲುವೆ, ಕೆಳಗೆ ನಲವತ್ತು ಮನೆಗಳ ಓಣಿ. ಕಸದ ರಸ ಅಂತರ್ಜಲಕ್ಕೆ ಇಳಿಯುತ್ತಿದೆಯೇ ಎಂದು ತಿಳಿಯಲು ರಾಶಿಗೂ ಓಣಿಗೂ ನಡುವೆ ಒಂದು ಪರೀಕ್ಷಾ ಕೊಳವೆ ಕೊರೆಸಲಾಗಿತ್ತು. ಅದರಲ್ಲಿ ಹೊಲಸು ಕಂಡರೆ ಮಾತ್ರ ಓಣಿಗೆ ನಳದ ನೀರು ಮಂಜೂರು. ಮೂರು ವರ್ಷ, ಪ್ರತಿ ಬಾರಿಯೂ, ಕೊಳವೆಯ ನೀರು ನಿರ್ಮಲವೆಂದೇ ವರದಿ ಬಂದಿತು. ಆದರೆ ರಾಶಿಯಿಂದ ಅದಕ್ಕಿಂತ ದೂರದಲ್ಲಿದ್ದ ಓಣಿಯ ಬಾವಿ ನಾರುತ್ತಿತ್ತು.

"ನಿಮ್ಮ ಕಾಗದ ನೆನಸಿ ಕುಡೀಬೇಕೇನ್ರೀ ಸಾಹೇಬ್ರ?" ಎಂದು ಓಣಿಯ ಸಾಯಬಮ್ಮ ಎಲ್ಲರೆದುರು ಕೇಳಿದ್ದಳು. "ಒಂದ್ ಕೊಡ ಒಯ್ರಿ. ಮನ್ಯಾಗ ಚಾ ಮಾಡಸ್ರಿ. ನೀವು ಕುಡದ್ರಿ ಅಂದ್ರ ನಾವೂ ಸುಮ್ಮನ ಕುಡೀತೀವಿ."

ಅಂಬ್ರಪ್ಪನವರು ಕೊಡ ಒಯ್ದರು, ಪರೀಕ್ಷಿಸಿದರು. ಹೊಲಸು ಇದ್ದದ್ದು ದಿಟ. ಆದರೆ ಅದು ಓಣಿಯ ಬಚ್ಚಲದ್ದಿರಬಹುದೆಂದು ಮೇಲಿನವರು ಕೈತೊಳೆದುಕೊಂಡರು. ನಡುವಿನ ನೀರು ತಿಳಿ, ಆಚೆಯದು ಕೊಳಕು, ಇದು ಹೇಗೆ? ಕಾಲುವೆಯ ಬಸಿನೀರು ಕೊಳವೆಯ ಸುತ್ತಲ ನೆಲವನ್ನು ತೊಳೆಯುತ್ತಿದೆಯೆಂದು ಅವರು ಒಂದು ಟಿಪ್ಪಣಿಯನ್ನೂ ಬರೆದರು. ಬರೆದವರಿಗೇ ಅದರಲ್ಲಿ ನಂಬಿಕೆಯಿರಲಿಲ್ಲ.

ನಾಲ್ಕನೆಯ ಬೇಸಿಗೆಯಲ್ಲಿ, ಮೊದಲ ಸಲ ಕಾಲುವೆ ಬಂದ್ ಇದ್ದಾಗ ನಾವು ಕೊಳವೆಗೆ ಬಾಟಲಿ ಇಳಿಸಿದೆವು. ಮೇಲೆ ಬಂದದ್ದು ಕಂದು ಬಣ್ಣದ ನೀರು. ನಾವು ಬಾಯಿಬಿಡುವ ಮುಂಚೆಯೇ ಮಡ್ಡಿಯ ಗೇಟಿನ ಕಾವಲಿನ ಕರೆಮ್ಮ ಓಡಿಬಂದು ಕೈಮುಗಿದಳು.

"ತಪ್ಪಾತ್ರೀ ಸಾಹೇಬ್ರ! ಕಾಲುವ್ಯಾಗ ಹನಿ ನೀರಿಲ್ಲ. ಈ ಸಲ ಹಾಕಾಕ ಆಗಲಿಲ್ಲ."

"ಏನು ಹಾಕಾಕ, ಅವ್ವ?" ಎಂದು ಅಂಬ್ರಪ್ಪನವರು ಕೇಳಿದರು.

"ನೀವು ಬರ್ತೀರಿ ಅಂತ ಫೋನ್ ಬಂದ ಕೂಡ್ಲೆ ನಾಕು ಕೊಡ ಕಾಲುವಿ ನೀರು ಪೈಪಿನ್ಯಾಗ ಹಾಕ್ತಿದ್ದೆನ್ರಿ. ಅಷ್ಟು ದೂರದಿಂದ ನೀರಿಗಂತ ಬಂದ ಮಂದಿಗೆ ನಾರೋ ನೀರು ಹ್ಯಾಂಗ ಕೊಡಾದು?"

ಬಂದವರ ಮುಂದೆ ಮೊದಲು ತಂಬಿಗೆ ನೀರಿಡುವ ಸೀಮೆ ನಮ್ಮದು. ಮೂರು ವರ್ಷ ನಾವು ಪರೀಕ್ಷಿಸಿದ್ದು ಅಂತರ್ಜಲವನ್ನಲ್ಲ, ಆಕೆಯ ಮರ್ಯಾದೆಯನ್ನು.

ಕರೆಮ್ಮಳನ್ನು ಕೆಲಸದಿಂದ ತೆಗೆಯಬೇಕೆಂಬ ಸೂಚನೆ ಬಂದಿತು. ಅಂಬ್ರಪ್ಪನವರು ಒಪ್ಪಲಿಲ್ಲ. ಕೊಳವೆಯಲ್ಲಿ ನಿಂತ ನೀರನ್ನೆಲ್ಲ ಹೊರಹಾಕಿ, ಹೊಸದಾಗಿ ಊರಿದ ನೀರನ್ನೇ ತೆಗೆಯಬೇಕೆಂಬುದು ನಿಯಮ. ಹೊತ್ತಾಗುತ್ತದೆಂದು ಅದನ್ನು ಬಿಟ್ಟವರು ನಾವು. "ಲೋಪ ನನ್ನದು, ಕಾವಲುಗಾರ್ತಿಯದಲ್ಲ" ಎಂದು ಬರೆದು ಸಹಿ ಹಾಕಿದರು. ಹಳೆಯ ವರದಿಗಳ ಪ್ರತಿ ಪುಟದ ಮೇಲೂ "ಇದು ನೆಲದ ನೀರಲ್ಲ" ಎಂದು ತಮ್ಮ ಕೈಯಾರೆ ನಮೂದಿಸಿದರು. ಆ ವರ್ಷ ಬರಬೇಕಿದ್ದ ಬಡ್ತಿ ಬರಲಿಲ್ಲ. ಓಣಿಗೆ ನಳ ಬಂದಿತು, ಬಾವಿಯನ್ನು ಮುಚ್ಚಲಾಯಿತು, ಹೊಸ ಕಸದ ಗುಂಡಿಗೆ ರಸ ಇಳಿಯದಂತೆ ತಳಹಾಸು ಬಿದ್ದಿತು.

ಇದನ್ನು ಗೆಲುವೆನ್ನಲೇ? ನನಗಿನ್ನೂ ತಿಳಿಯದು. ಆ ಮೂರು ವರ್ಷ ಓಣಿಯ ಮಕ್ಕಳು ಕುಡಿದದ್ದು ಆ ಬಾವಿಯ ನೀರನ್ನೇ. ಈ ಮಾತನ್ನು ಗ್ರಂಥದಿಂದ ಬಿಡಕೂಡದೆಂದು ಅಂಬ್ರಪ್ಪನವರೇ ಆಜ್ಞಾಪಿಸಿದ್ದಾರೆ. ಕಸದ ರಸ ನೆಲದೊಳಗೆ ಎಲ್ಲಿಯವರೆಗೆ ಹರಿದಿದೆಯೆಂಬುದೂ ಇಂದಿಗೂ ಗೊತ್ತಾಗಿಲ್ಲ. ಅದಕ್ಕಾಗಿ ಅವರು ನಿವೃತ್ತಿಯ ಮರುದಿನದಿಂದಲೇ ಮಡ್ಡಿಯ ಕೆಳಗಿನ ಬಾವಿಗಳನ್ನು ಒಂದೊಂದಾಗಿ ನೋಡುತ್ತ ಹೋಗುವವರಿದ್ದಾರೆ. ಆ ರಸ ಮುಟ್ಟಿದ ಕೊನೆಯ ಬಾವಿ ಸಿಗುವ ತನಕವಾದರೂ ಅವರ ಕಾಲಲ್ಲಿ ಕಸುವಿರಲಿ, ಆಯುಷ್ಯ ಅದಕ್ಕೂ ಮುಂದೆ ಹರಿಯಲಿ.